ಸೋಮಾರಿಯ ಹೊಲ

ಕಳೆದ ಬೇಸಿಗೆಯ ಒಂದು ಸಂಜೆ ಕ್ರೈಸ್ತ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂಡಿ ಸತ್ಯವೇದದ ಒಂದು ಅಧ್ಯಾಯವನ್ನೋದಿ ಪ್ರಾರ್ಥನೆ ಮಾಡುವುದು ಆ ಮನೆಯ ಪದ್ಧತಿ. ಅಂದಿನ ಪಾಠ ‘ಜ್ಞಾನೋಕ್ತಿಗಳು’ ಎಂಬ ಗ್ರಂಥದ 26ನೆಯ ಅಧ್ಯಾಯ. ಓದುತ್ತಿದ್ದವಳು ಹೈಸ್ಕೂಲಿನ ಹುಡುಗಿ. ಮೂಢನನ್ನೂ ಸೋಮಾರಿಯನ್ನೂ ಕುರಿತ ಮಾತುಗಳು ಬಂದಾಗ ಅವಳ ತಮ್ಮನಿಗೆ ನಗು ತಡೆಯದಾಯಿತು.

ನಗು ಬರುವಂಥ ಚಿತ್ರಗಳೇ ಅವು. ಬೀದಿಯಲ್ಲಿ ಸಿಂಹವಿದೆಯೆಂದು ಹೇಳಿ ಮನೆಯಿಂದ ಹೊರಡದವನು ಸೋಮಾರಿ. ತಿರುಗಣಿಯ ಮೇಲೆ ಕದ ಆಡುವಂತೆ ಹಾಸಿಗೆಯ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುವವನು ಅವನು. ಕದ ಎಷ್ಟು ಆಡಿದರೂ ಇದ್ದಲ್ಲಿಯೇ ಇರುತ್ತದೆಯಷ್ಟೆ! ಊಟದ ಪಾತ್ರೆಗೆ ಇಳಿಸಿದ ಕೈಯನ್ನು ಮತ್ತೆ ಬಾಯಿಗೆತ್ತುವುದೂ ಅವನಿಗೆ ಆಯಾಸ. ಮೂರು ಸಾವಿರ ವರ್ಷಗಳ ಹಿಂದಿನ ಸೊಲೊಮೋನ ಅರಸನ ಹೆಸರಿನೊಡನೆ ಪರಂಪರೆಯಿಂದ ಬಂದಿರುವ ಈ ಗ್ರಂಥದಲ್ಲಿ ಇಂಥ ಹಾಸ್ಯಪ್ರಜ್ಞೆಯಿದೆ ಎಂಬುದನ್ನು ನಾನು ಅಂದು ಮೊದಲಬಾರಿಗೆ ಗಮನಿಸಿದೆ.

ಮಿತ್ರರು ಗ್ರಂಥವನ್ನು ಮುಚ್ಚುತ್ತ, “ಇದನ್ನು ನಮ್ಮ ತೋಟದ ಕೆಲಸದವನಿಗೆ ಓದಿ ಹೇಳಬೇಕು ನೋಡಿ ಮೇಷ್ಟ್ರೇ. ನೆನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ” ಎಂದರು. ನಾನು ತಲೆದೂಗಿದೆ. ಅವನೇಕೆ ಬರಲಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಮುಂದಿನ ವಾರ ನಾನು ಕೊಳಾಲಕ್ಕೆ ಹೋಗಬೇಕಾಯಿತು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಈ ತಾಲ್ಲೂಕನ್ನು ಹಾದು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹರಿಯುತ್ತದೆ ಎಂದೆನೇ ಹೊರತು ವರ್ಷವೆಲ್ಲ ನೀರಿರುತ್ತದೆ ಎನ್ನಲಿಲ್ಲ. ಕೆಂಪು ನೆಲ, ರಾಗಿ, ಕಡಲೆಕಾಯಿಗಳಿಗೆ ಮಳೆಯೇ ಗತಿ. ಊರಿನ ಹೊರಗೆ ನಮ್ಮ ತಂದೆಯವರು ಬಿಟ್ಟುಹೋದ ಎರಡೆಕರೆ ಹೊಲವಿದೆ. ಅವರು ತೀರಿಕೊಂಡ ಮೇಲೆ ನಾನು ಅದರೊಳಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು.

ಹೊಲವನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಲಂಟಾನ ಎದೆಯುದ್ದ ಬೆಳೆದಿತ್ತು. ಜಾಲಿಯ ಮುಳ್ಳು ಪಂಚೆಯನ್ನು ಹಿಡಿದೆಳೆಯಿತು. ಕೆಳಗಡೆಯ ಬದು ಎರಡು ಕಡೆ ಒಡೆದು, ಆ ಕಂಡಿಗಳಿಂದ ಮೇಲ್ಮಣ್ಣು ಕೊಚ್ಚಿಹೋಗಿ, ಕೆಂಪು ನೆಲದಲ್ಲಿ ಮೊಳಕಾಲಾಳದ ಕೊರಕಲು ಬಿದ್ದಿತ್ತು. ನಿಂತಲ್ಲಿಯೇ ನನಗೆ ಜ್ಞಾನೋಕ್ತಿಗಳ ಇನ್ನೊಂದು ಚಿತ್ರ ನೆನಪಾಯಿತು. 24ನೆಯ ಅಧ್ಯಾಯದ ಕೊನೆಯಲ್ಲಿ ಜ್ಞಾನಿಯೊಬ್ಬ ಸೋಮಾರಿಯ ಹೊಲದ ಪಕ್ಕದಲ್ಲಿ ಹಾದುಹೋಗುತ್ತಾನೆ. ಹೊಲದ ತುಂಬ ಮುಳ್ಳು, ಕಳೆ. ಕಲ್ಲಿನ ಗೋಡೆ ಬಿದ್ದಿದೆ. ಸ್ವಲ್ಪ ನಿದ್ದೆ, ಸ್ವಲ್ಪ ತೂಕಡಿಕೆ, ಹೀಗೆ ಸ್ವಲ್ಪಸ್ವಲ್ಪವಾಗಿಯೇ ಬಡತನ ದರೋಡೆಕಾರನಂತೆ ಬಂದು ನಿಲ್ಲುತ್ತದೆಂದು ಅವನು ಎಣಿಸುತ್ತಾನೆ. ಆ ಹೊಲದ ಒಡೆಯನ ಹೆಸರನ್ನು ಗ್ರಂಥ ಹೇಳಿಲ್ಲ. ಕೊಳಾಲದಲ್ಲಿ ಮಾತ್ರ ಆ ಹೆಸರು ಪಹಣಿಯಲ್ಲಿಯೇ ಇದೆ: ಅದು ನನ್ನದು!

ಪಕ್ಕದ ಹೊಲದ ಮುದುಕರು ಗುದ್ದಲಿ ಹಿಡಿದು ತಮ್ಮ ಬದುವಿಗೆ ಮಣ್ಣು ಏರಿಸುತ್ತಿದ್ದರು. ನನ್ನನ್ನು ಕಂಡು ಸೊಂಟ ನೀವಿಕೊಂಡು ನಿಂತರು.

“ಏನಪ್ಪಾ, ದಾರಿ ತಪ್ಪಿ ಬಂದಂಗದೆ?”

“ಪುರಸೊತ್ತೇ ಆಗಲಿಲ್ಲ ತಾತ. ಪರೀಕ್ಷೆ, ಮೌಲ್ಯಮಾಪನ, ಮಕ್ಕಳ ಸ್ಕೂಲು... ವಾರಕ್ಕೆ ಮಾಡೋಣವೆಂದರೆ ಸರಿಯಾದವರೂ ಸಿಗಲಿಲ್ಲ.”

“ಬದು ಒಡೆದ ವರ್ಷವೇ ನಾಲ್ಕು ಮಂಕರಿ ಮಣ್ಣು ಹಾಕಿದ್ರೆ ಆಗ್ತಿತ್ತು ಕಣಪ್ಪಾ. ಈಗ ನಾಲ್ಕು ಟ್ರಾಕ್ಟರ್ ಹೊಡೆದ್ರೂ ಆ ಮಣ್ಣು ಬರಾಕಿಲ್ಲ.”

ನನ್ನ ಬೀದಿಯ ಸಿಂಹಗಳನ್ನು ಒಂದೊಂದಾಗಿ ಹೆಸರಿಸಿ ಮುಗಿಸಿದ್ದೆ. ಮುದುಕರು ಅವುಗಳ ಕಡೆ ನೋಡಲೇ ಇಲ್ಲ.

ಅಂದು ಸಂಜೆ ಓದಿದ ಅಧ್ಯಾಯದ ರಚನೆ ನನಗೆ ಅರ್ಥವಾದದ್ದು ಅಲ್ಲಿ. ಅದರ ಮೊದಲ 12 ವಚನಗಳು ಬಹುಮಟ್ಟಿಗೆ ಮೂಢನ ಮೇಲೆ. ಮುಂದಿನ 4 ಸೋಮಾರಿಯ ಮೇಲೆ. ಮೂಢನ ಭಾಗ ಮುಗಿಯುವುದು ತನ್ನನ್ನು ತಾನೇ ಜ್ಞಾನಿಯೆಂದು ಬಗೆದವನ ಮಾತಿನಿಂದ: ಅವನಿಗಿಂತ ಮೂಢನೇ ತಿದ್ದಿಕೊಂಡಾನು ಎಂಬುದು ಅದರ ತಾತ್ಪರ್ಯ. ಸೋಮಾರಿಯ ಭಾಗ ಮುಗಿಯುವುದೂ ಅದೇ ನೆಲೆಯಲ್ಲಿ: ವಿವೇಕದಿಂದ ಉತ್ತರ ಕೊಡಬಲ್ಲ ಏಳು ಮಂದಿಗಿಂತ ತಾನೇ ಜಾಣನೆಂದು ಸೋಮಾರಿಯ ಎಣಿಕೆ. ಬುದ್ಧಿಯಿಲ್ಲದಿರುವುದು ಇಲ್ಲಿ ಮೂಢತನವಲ್ಲ. ಬುದ್ಧಿಮಾತು ಒಳಗಿಳಿಯದಂತೆ ನೆಪಗಳ ಗೋಡೆ ಕಟ್ಟಿಕೊಳ್ಳುವುದೇ ಮೂಢತನ. ಮೈಗಳ್ಳತನ ಮೈಯಲ್ಲಿ ನಿಲ್ಲುವುದಿಲ್ಲ, ನಾಲಿಗೆಗೆ ಏರುತ್ತದೆ. ಎಂ.ಎ. ಓದಿದವನ ನಾಲಿಗೆಯಲ್ಲಿ ಅದು ಇನ್ನಷ್ಟು ಸೊಗಸಾಗಿ ಮಾತನಾಡುತ್ತದೆ, ಅಷ್ಟೆ.

ಇಷ್ಟಕ್ಕೇ ನಿಂತಿದ್ದರೆ ಇದು ಸುಲಭದ ನೀತಿಪಾಠವಾಗುತ್ತಿತ್ತು. “ನಿಮ್ಮ ಹೊಲದಲ್ಲಿ ಹೋದ ವರ್ಷ ರಾಗಿ ಹೇಗಾಯಿತು ತಾತ?” ಎಂದು ಕೇಳಿದೆ.

“ಏನು ಹೇಳಾನ? ಉತ್ತೆ, ಬಿತ್ತಿದೆ, ಎರಡು ಸಲ ಕುಂಟೆ ಹೊಡೆದೆ. ತೆನೆ ಕಟ್ಟೋ ಹೊತ್ತಿಗೆ ಮಳೆ ಕೈ ಕೊಡ್ತು. ದನಕ್ಕೆ ಹುಲ್ಲಾಯ್ತು, ಅಷ್ಟೇಯ.”

ಬಸ್ಸಿನ ಕಿಟಕಿಯಿಂದ ನೋಡುವವನಿಗೆ ನಮ್ಮಿಬ್ಬರ ಹೊಲಗಳೂ ಒಂದೇ: ಎರಡರಲ್ಲಿಯೂ ಕಾಳಿಲ್ಲ. ಒಂದು ದುಡಿಯದವನ ಹೊಲ, ಇನ್ನೊಂದು ದುಡಿದು ಸೋತವನ ಹೊಲ. ಹತ್ತಿರ ಹೋಗಿ ಬದುವನ್ನು ನೋಡಿದರೆ ಮಾತ್ರ ವ್ಯತ್ಯಾಸ ತಿಳಿದೀತು. ಸತ್ಯವೇದದ ಆ ಜ್ಞಾನಿಯೂ ಸುಮ್ಮನೆ ಹಾದುಹೋಗಲಿಲ್ಲ. ನಿಂತು, ನೋಡಿ, ಯೋಚಿಸಿದ ಮೇಲೆಯೇ ಪಾಠ ಕಲಿತ. ಅದೇ ಜ್ಞಾನೋಕ್ತಿಗಳ 13ನೆಯ ಅಧ್ಯಾಯದಲ್ಲಿ, ಬಡವನ ನೆಲವೂ ಹೇರಳವಾಗಿ ಬೆಳೆದೀತು, ಅನ್ಯಾಯ ಅದನ್ನು ಬಡಿದೊಯ್ಯುತ್ತದೆ ಎಂಬ ಅರ್ಥದ ಮಾತಿದೆ. ಇರುವೆಯನ್ನು ನೋಡಿ ಕಲಿತುಕೋ ಎಂಬ ಮಾತಿಗೆ ಸಿಕ್ಕಿರುವ ಪ್ರಸಿದ್ಧಿ ಈ ಮಾತಿಗೆ ಸಿಕ್ಕಿಲ್ಲ.

ಹೊಸ ಒಡಂಬಡಿಕೆಯಲ್ಲಿಯೂ ಹೀಗೆಯೇ. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡದಿರಲಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದ. ಗುಡಾರ ಮಾಡುವ ಕಸುಬಿನಿಂದ ಅನ್ನ ಸಂಪಾದಿಸುತ್ತಿದ್ದವನಿಗೆ ಆ ಮಾತಾಡುವ ಹಕ್ಕಿತ್ತು. ಆದರೆ ಅವನು ಹೇಳಿದ್ದು ಒಲ್ಲದವನನ್ನು ಕುರಿತು. ಆಗದವನನ್ನೋ, ಕೆಲಸವೇ ಸಿಗದವನನ್ನೋ ಕುರಿತಲ್ಲ. ಯೇಸು ಹೇಳಿದ ದ್ರಾಕ್ಷೇತೋಟದ ಕಥೆಯಲ್ಲಿ ಹೊತ್ತು ಇಳಿಯುವಾಗಲೂ ಕೂಲಿಗಳು ಸಂತೆಬೀದಿಯಲ್ಲಿ ಸುಮ್ಮನೆ ನಿಂತಿದ್ದಾರೆ. ಏಕೆ ನಿಂತಿದ್ದೀರೆಂದು ತೋಟದ ಯಜಮಾನ ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರ ಉತ್ತರ. ಅವನು ಉಪದೇಶ ಮಾಡುವುದಿಲ್ಲ. ಕೆಲಸ ಕೊಡುತ್ತಾನೆ, ಸಂಜೆಗೆ ದಿನದ ಪೂರ್ಣ ಕೂಲಿಯನ್ನೂ ಕೊಡುತ್ತಾನೆ.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರು ತಲೆಮಾರುಗಳವರೆಗೆ ನೆನೆದು ನಡುಗುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ 42 ಲಕ್ಷವೂ ಇರಲಿಲ್ಲ. ಸುಲಭವಾಗಿ ಅನ್ನ ಕೊಟ್ಟರೆ ಜನ ಸೋಮಾರಿಗಳಾದಾರೆಂಬ ಅಂಜಿಕೆ ಆ ಕಾಲದ ಆಂಗ್ಲ ಸರ್ಕಾರದ ಕ್ಷಾಮನೀತಿಯಲ್ಲಿ ಬೇರೂರಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್, ನೆರೆಯ ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. ಅಷ್ಟರಲ್ಲಿ ದುಡಿಯುವ ದೇಹ ನಿಲ್ಲಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಟೆಂಪಲ್ಲನೂ ಕಾರ್ನಿಷರೂ ಸತ್ಯವೇದವನ್ನು ಪೂಜ್ಯವಾಗಿ ಕಾಣುವ ಸಮಾಜದಿಂದಲೇ ಬಂದವರು. ಒಬ್ಬನು ಬಸ್ಸಿನ ಕಿಟಕಿಯಿಂದ ಕಂಡಂತೆ ಕಂಡ. ಇನ್ನೊಬ್ಬರು ಹೊಲಕ್ಕಿಳಿದು ಕಂಡಂತೆ ಕಂಡರು.

ಹಾಗೆಂದು ದುಡಿಮೆಯ ಮಹಿಮೆ ಕುಂದುವುದಿಲ್ಲ. ಕಾಯಕವನ್ನು ಕೈಲಾಸದ ಮಟ್ಟಕ್ಕೇರಿಸಿದ ನಾಡಿನವರಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆಯ್ದಕ್ಕಿ ಲಕ್ಕಮ್ಮ ತಿದ್ದಿದ್ದು ನೆರೆಮನೆಯವರನ್ನಲ್ಲ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ತನ್ನ ಗಂಡನನ್ನು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿಯೂ ಒಬ್ಬ ಗೃಹಿಣಿಯಿದ್ದಾಳೆ. ಬೆಳಗಾಗುವ ಮುನ್ನ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ. ರಾಟೆ ಹಿಡಿದ ಅದೇ ಕೈಯನ್ನು ಬಡವರ ಕಡೆಗೂ ಚಾಚುತ್ತಾಳೆ. ತಾನು ದುಡಿಯುತ್ತೇನೆಂದು ಅವಳು ಯಾರನ್ನೂ ಸೋಮಾರಿಯೆಂದು ಹಳಿದಳೆಂದು ಎಲ್ಲಿಯೂ ಬರೆದಿಲ್ಲ.

ಆ ರಾತ್ರಿ ಕೊಳಾಲದಲ್ಲಿಯೇ ಉಳಿದೆ. ಬೆಳಿಗ್ಗೆ ಮುದುಕರಿಂದ ಗುದ್ದಲಿ, ಮಂಕರಿಗಳನ್ನು ಎರವಲು ಪಡೆದು ಇಬ್ಬರು ಆಳುಗಳೊಡನೆ ಬದುವಿನ ಒಂದು ಕಂಡಿ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರಿಬ್ಬರು ನನಗಿಂತ ಮೂರು ಪಾಲು ಮಣ್ಣು ಹೊತ್ತಿದ್ದರು. ಇನ್ನೊಂದು ಕಂಡಿ ಹಾಗೆಯೇ ಇದೆ. ಮಳೆಗೆ ಮುಂಚೆ ಮತ್ತೆ ಹೋಗಬೇಕು.

ಊರಿಗೆ ಮರಳಿದ ಮೇಲೆ ಮಿತ್ರರ ಮನೆಗೆ ಹೋಗಿ ಒಂದು ಮಾತು ಕೇಳಿದೆ: “ನಿಮ್ಮ ತೋಟದ ಕೆಲಸದವನು ಅವತ್ತು ಏಕೆ ಬರಲಿಲ್ಲವೆಂದು ಕೇಳಿದಿರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಮೇಷ್ಟ್ರೇ, ಕೇಳಬೇಕಿತ್ತು” ಎಂದರು.