ಏಪ್ರಿಲ್ ಒಂದರ ನಾಡಹಬ್ಬ

ಲಿಥುವೇನಿಯಾ ದೇಶವು ಸೋವಿಯೆತ್ ಒಕ್ಕೂಟದಿಂದ ಬೇರ್ಪಟ್ಟು ತನ್ನ ಸ್ವಾತಂತ್ರ್ಯವನ್ನು ಮತ್ತೆ ಸಾರಿದ್ದು 1990ರ ಮಾರ್ಚ್ 11ರಂದು. ಆ ಮಾತಿಗೆ ಬೆಲೆ ತೆರಬೇಕಾದದ್ದು ಮರುವರ್ಷದ ಜನವರಿಯಲ್ಲಿ. ರಾಜಧಾನಿ ವಿಲ್ನಿಯುಸ್ ನಗರದಲ್ಲಿ ಟ್ಯಾಂಕುಗಳಿಗೆ ಎದುರಾಗಿ ಬರಿಗೈಯಲ್ಲಿ ನಿಂತ ಜನರಲ್ಲಿ ಹದಿನಾಲ್ವರು ಮಡಿದರು. ಇದಾದ ಆರು ವರ್ಷಗಳ ತರುವಾಯ, 1997ರ ಏಪ್ರಿಲ್ 1ರಂದು, ಅದೇ ನಗರದ ಒಂದು ಕೇರಿಯು ತಾನೂ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿಕೊಂಡಿತು.

ಕೇರಿಯ ಹೆಸರು ಉಝುಪಿಸ್, ಎಂದರೆ ‘ಹೊಳೆಯಾಚೆ’. ವಿಲ್ನೆಲೆ ಎಂಬ ಕಿರುಹೊಳೆ ಅದನ್ನು ಹಳೆಯ ಪಟ್ಟಣದಿಂದ ಬೇರ್ಪಡಿಸುತ್ತದೆ. ಯಾವ ಸರಕಾರವೂ ಈ ಗಣರಾಜ್ಯವನ್ನು ಮಾನ್ಯ ಮಾಡಿಲ್ಲ. ಆದರೂ ಅದಕ್ಕೊಬ್ಬ ಅಧ್ಯಕ್ಷರುಂಟು. ಕವಿಯೂ ಚಲಚ್ಚಿತ್ರಕಾರರೂ ಆದ ರೋಮಾಸ್ ಲಿಲೈಕಿಸ್. ಋತುವಿಗೊಂದು ಬಣ್ಣದ ಧ್ವಜವುಂಟು: ಚಳಿಗಾಲಕ್ಕೆ ನೀಲಿ, ವಸಂತಕ್ಕೆ ಹಸಿರು, ಬೇಸಗೆಗೆ ಹಳದಿ, ಎಲೆಯುದುರುವ ಕಾಲಕ್ಕೆ ಕೆಂಪು. ನಡುವೆ ತೂತುಳ್ಳ ಅಂಗೈಯೇ ಅದರ ಲಾಂಛನ. ಲಂಚ ಹಿಡಿದರೆ ನಿಲ್ಲದ ಕೈ ಎಂದು ವಿವರಿಸುವವರಿದ್ದಾರೆ. ವರ್ಷಕ್ಕೊಮ್ಮೆ, ಏಪ್ರಿಲ್ ಒಂದರಂದು, ಸೇತುವೆಯ ಮೇಲೆ ಗಡಿಕಾವಲಿನವರು ನಿಂತು ಬಂದವರ ಪಾಸ್‌ಪೋರ್ಟಿಗೆ ಮುದ್ರೆಯೊತ್ತುತ್ತಾರೆ. ಚೌಕದ ಕಾರಂಜಿಯ ಬಳಿ ನೀರಿಗೆ ಬದಲು ಬಿಯರ್ ಹರಿಯುತ್ತದೆ.

ಜಗತ್ತು ಒಬ್ಬರನ್ನೊಬ್ಬರು ಮೂರ್ಖರಾಗಿಸುವ ದಿನವನ್ನೇ ಸ್ವಾತಂತ್ರ್ಯದಿನವಾಗಿ ಆರಿಸಿಕೊಂಡವರು ಸ್ವಾತಂತ್ರ್ಯವನ್ನು ಅಣಕಿಸಿದರೆಂದು ಎಣಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಅಪ್ಪಣೆಯ ಮೇರೆಗೆ ಮೆರವಣಿಗೆ, ಅಪ್ಪಣೆಯ ಮೇರೆಗೆ ಹರ್ಷೋದ್ಗಾರ, ಹೀಗೆ ಸುಮಾರು ಅರ್ಧ ಶತಮಾನ ಹಬ್ಬ ಆಚರಿಸಿದ ಜನ ಅವರು. ಕೇರಿಯ ಬೀದಿಯೊಂದರ ಗೋಡೆಯ ಮೇಲೆ, ಕನ್ನಡಿಯಂತೆ ಹೊಳೆಯುವ ಫಲಕಗಳಲ್ಲಿ ಅನೇಕ ಭಾಷೆಗಳಲ್ಲಿ ಕೆತ್ತಿಸಿದ ಸಂವಿಧಾನವನ್ನು ನೋಡಿ. ಅದರ 41 ವಿಧಿಗಳಲ್ಲಿ ಒಂದು, ಹುಟ್ಟುಹಬ್ಬವನ್ನು ಆಚರಿಸುವ ಹಕ್ಕಿನೊಡನೆ ಆಚರಿಸದಿರುವ ಹಕ್ಕನ್ನೂ ಕೊಡುತ್ತದೆ. ನಾಯಿಗೆ ನಾಯಿಯಾಗಿರುವ ಹಕ್ಕು, ಮನುಷ್ಯನಿಗೆ ದುಃಖಿಯಾಗಿರುವ ಹಕ್ಕು ಅಲ್ಲಿವೆ. ಎರಡನೆಯ ವಿಧಿಯಲ್ಲಿ ಮಾತ್ರ ತಮಾಷೆ ಕಾಣದು. ಬಿಸಿನೀರು, ಚಳಿಗಾಲದಲ್ಲಿ ಬೆಚ್ಚಗಿನ ಮನೆ, ಹೆಂಚಿನ ಮಾಡು ಎಲ್ಲರ ಹಕ್ಕು ಎನ್ನುತ್ತದೆ ಅದು. ಹಾಳುಬಿದ್ದ ಕಟ್ಟಡಗಳಲ್ಲಿ ಬಾಳಿದವರು ಬರೆದ ವಾಕ್ಯವದು.

ಆ ಕಟ್ಟಡಗಳು ಹಾಳುಬಿದ್ದದ್ದಕ್ಕೂ ಒಂದು ಕಥೆಯಿದೆ. ಅದನ್ನು ಹೇಳದೆ ಹಬ್ಬವನ್ನಷ್ಟೇ ಬಣ್ಣಿಸುವುದು ಸರಿಯಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇಲ್ಲಿ ಯೆಹೂದ್ಯರ ಮನೆಗಳು ಬಹಳವಿದ್ದವು. ನಾಜಿಗಳ ಕಾಲದಲ್ಲಿ ಆ ಜನರಲ್ಲಿ ಬಹುಪಾಲು ಕೊಲೆಯಾಗಿ ಹೋದರು. ಉಳಿದ ಅವರ ಶ್ಮಶಾನವನ್ನು ಸೋವಿಯೆತ್ ಆಡಳಿತ 1960ರ ದಶಕದಲ್ಲಿ ಕೆಡವಿಸಿತು. ಸಮಾಧಿಯ ಕಲ್ಲುಗಳು ನಗರದ ಮೆಟ್ಟಿಲುಗಳಿಗೆ ಬಳಕೆಯಾದವು. ವಾರಸುದಾರರಿಲ್ಲದ ಮನೆಗಳಿಗೆ ಬಡವರು ಬಂದರು. ಅವರ ಬೆನ್ನಿಗೆ, ಬಾಡಿಗೆ ಅಗ್ಗವೆಂದು ಚಿತ್ರಕಾರರೂ ಗಾಯಕರೂ ಬಂದರು. ನಗೆಯ ಹಬ್ಬವನ್ನು ಹುಟ್ಟಿಸಿದವರು ಈ ಕೊನೆಗೆ ಬಂದವರು.

ಈಗಿನ ತೊಡಕು ಬೇರೆ ಬಗೆಯದು. ಹಬ್ಬದ ಕೀರ್ತಿ ಹಬ್ಬಿತು, ಪ್ರವಾಸಿಗಳು ಬಂದರು, ಮನೆಗಳು ದುರಸ್ತಿಯಾದವು, ಬೆಲೆ ಏರಿತು. ಬಿಸಿನೀರೂ ಹೆಂಚೂ ಬಂದಿವೆ; ಅವನ್ನು ಹಕ್ಕೆಂದು ಬರೆದಂಥವರಿಗೆ ಅಲ್ಲಿ ಮನೆ ಹಿಡಿಯುವುದು ದುಸ್ಸಾಧ್ಯವಾಗಿದೆ. ದೊಡ್ಡ ದೇಶಗಳ ಹಬ್ಬಗಳು ಆಜ್ಞೆಯಿಂದ ಬಣಗುಟ್ಟಿದರೆ ಈ ಪುಟ್ಟ ಹಬ್ಬಕ್ಕೆ ಮಾರುಕಟ್ಟೆಯ ಭಯ. ಸೇತುವೆಯ ಮೇಲೆ ಮುದ್ರೆ ಹಿಡಿದು ನಿಲ್ಲುವವರು ಇನ್ನೆಷ್ಟು ವರ್ಷ ಹೊಳೆಯಾಚೆಯ ನಿವಾಸಿಗಳೇ ಆಗಿರುವರೋ, ಎಂದಿನಿಂದ ಹಬ್ಬದ ಬೆಳಿಗ್ಗೆ ಅವರೂ ಈಚೆಯಿಂದ ಹೊಳೆ ದಾಟಿ ಹೋಗಬೇಕಾಗುವುದೋ, ಹೇಳಲಾಗದು.