ಆಜ್ಟೆಕರ ಹೆಸರಿನಲ್ಲೊಂದು ಸಿಹಿ

ಇಟಲಿಯ ಸಿಸಿಲಿ ದ್ವೀಪದ ದಕ್ಷಿಣದಲ್ಲಿ ಮೋದಿಕಾ ಎಂಬ ಊರಿದೆ. ಅಲ್ಲಿ ಮಾಡುವ ಚಾಕೊಲೇಟನ್ನು ಕಡಿದರೆ ಸಕ್ಕರೆಯ ಹರಳು ಹಲ್ಲಿಗೆ ಕರಕರನೆ ಸಿಕ್ಕುತ್ತದೆ. ಅದು ಬೆಣ್ಣೆಯಂತೆ ನಾಲಿಗೆಯ ಮೇಲೆ ಜಾರುವುದಿಲ್ಲ. ಈ ಊರನ್ನು ಕುರಿತು ಬರೆಯುವವರೆಲ್ಲ ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಇದು ಮೆಕ್ಸಿಕೋದ ಆಜ್ಟೆಕರ ಪಾಕ, ಸ್ಪೇನಿನವರು ತಂದು ಇಲ್ಲಿಟ್ಟದ್ದು, ನಾನೂರು ವರ್ಷಗಳಿಂದ ಕೂದಲೆಳೆಯಷ್ಟೂ ಬದಲಾಗದೆ ಉಳಿದದ್ದು. ಪ್ರವಾಸ ಹೋದವರು ಇದನ್ನು ಅಂಗಡಿಯ ಕಾಗದದಿಂದ ಎತ್ತಿಕೊಳ್ಳುತ್ತಾರೆ. ಹೋಗದವರು ಹೋದವರಿಂದ ಎತ್ತಿಕೊಳ್ಳುತ್ತಾರೆ. ಈ ಮಾತು ನಿಜವಲ್ಲ ಎಂಬುದು ನನ್ನ ವಾದ. ಬರಿಯ ಅಂಗಡಿಯ ಸುಳ್ಳಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಇದು ಆಜ್ಟೆಕರಿಗೂ ಮೋದಿಕಾದ ಕುಶಲಿಗಳಿಗೂ ಏಕಕಾಲದಲ್ಲಿ ಅನ್ಯಾಯ ಮಾಡುತ್ತದೆ.

ಕನ್ನಡ ಪಾಠ ಹೇಳುವವನಿಗೆ ಚಾಕೊಲೇಟಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಶಬ್ದವೊಂದು ಎಲ್ಲಿಂದ ಬಂತು, ದಾಖಲೆ ಏನು ಹೇಳುತ್ತದೆ ಎಂದು ವಿಚಾರಿಸುವುದೇ ನನ್ನ ಕಸುಬು. ಹಳೆಯದೆಂದು ಹೇಳಿಕೊಂಡು ಬರುವ ಯಾವುದನ್ನಾದರೂ ನಾನು ಮೊದಲು ಅನುಮಾನಿಸುತ್ತೇನೆ. ವಿದ್ಯಾರ್ಥಿಗಳಿಗೆ ಈ ಚಟ ಅಷ್ಟಾಗಿ ಹಿಡಿಸುವುದಿಲ್ಲ.

ಆಜ್ಟೆಕರು ಕೋಕೋ ಬೀಜವನ್ನು ಹುರಿದು, ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕದಡಿ, ನೊರೆ ಬರಿಸಿ ಕುಡಿಯುತ್ತಿದ್ದರು. ಅದಕ್ಕೆ ಮೆಕ್ಕೆಜೋಳದ ಹಿಟ್ಟು, ಮೆಣಸಿನಕಾಯಿ, ವೆನಿಲ್ಲಾ, ಕೆಲವೊಮ್ಮೆ ಜೇನು ಬೆರೆಯುತ್ತಿತ್ತು. ಕಬ್ಬಿನ ಸಕ್ಕರೆಯನ್ನು ಅವರು ಕಂಡೇ ಇರಲಿಲ್ಲ. ಕಬ್ಬು ಆ ಖಂಡಕ್ಕೆ ಹೋದದ್ದು ಯೂರೋಪಿನವರ ಹಡಗಿನಲ್ಲಿ. ಮೋದಿಕಾದ ಚಾಕೊಲೇಟಿನ ವೈಶಿಷ್ಟ್ಯವಾದರೋ ಆ ಸಕ್ಕರೆಯ ಹರಳೇ. ಕೋಕೋ ಮುದ್ದೆಯನ್ನು ಸುಮಾರು 40 ಡಿಗ್ರಿ ಶಾಖದಲ್ಲಿ ಬೆಚ್ಚಗಿಟ್ಟು ಸಕ್ಕರೆ ಕಲಸಿ ಅಚ್ಚಿಗೆ ಬಡಿಯುತ್ತಾರೆ. ಅಷ್ಟು ಶಾಖಕ್ಕೆ ಸಕ್ಕರೆ ಕರಗದು, ಹರಳು ಹರಳಾಗಿಯೇ ಉಳಿಯುತ್ತದೆ. ಅಂದಮೇಲೆ, ಯಾವ ವಸ್ತುವಿನಿಂದ ಈ ತಿಂಡಿಗೆ ಗುರುತು ಬಂದಿತೋ ಆ ವಸ್ತುವೇ ಆಜ್ಟೆಕರಲ್ಲಿ ಇರಲಿಲ್ಲ. ಅವರು ಕುಡಿದರು, ಇವರು ಕಡಿಯುತ್ತಾರೆ. ಇದರಲ್ಲಿ ಬದಲಾಗದೆ ಉಳಿದದ್ದು ಯಾವುದು?

ಸಕ್ಕರೆಯ ಹೆಸರೇ ನಮ್ಮ 'ಶರ್ಕರಾ'. ಅರಬರು ಕಬ್ಬನ್ನು ಸಿಸಿಲಿಗೆ ತಂದು ನೆಟ್ಟದ್ದು ಕೊಲಂಬಸನಿಗಿಂತ ಎಷ್ಟೋ ಶತಮಾನ ಮೊದಲು. ಜಾಹೀರಾತಿನವರ ತರ್ಕವನ್ನೇ ಹಿಡಿದರೆ ಮೋದಿಕಾದ ಚಾಕೊಲೇಟು ಭಾರತದ್ದೆಂದೂ ಸಾಧಿಸಬಹುದು! ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರೂ ಕೋಕೋ ಬಂದ ಆ ಹೊಸ ಖಂಡದಿಂದಲೇ ಬಂದವರು, ಪೋರ್ಚುಗೀಸರ ಕೈಯಲ್ಲಿ. ಹಾಗೆಂದು ನಮ್ಮ ಮನೆಯ ಹುಳಿಯನ್ನು ಆಜ್ಟೆಕರ ಪಾಕವೆಂದು ಯಾರಾದರೂ ಕರೆದರೆ ನಮ್ಮ ಅಜ್ಜಿಯರು ಸೌಟು ಹಿಡಿದು ಎದ್ದಾರು.

ಇನ್ನು ಶಬ್ದದ ಮಾತು. 'ಶೊಕೊಲಾತ್ಲ್' ಎಂಬ ಆಜ್ಟೆಕ ಪದಕ್ಕೆ 'ಕಹಿನೀರು' ಎಂದು ಅರ್ಥ, ಅದರಿಂದಲೇ ಚಾಕೊಲೇಟು ಹುಟ್ಟಿತು ಎಂದು ಈ ಬರೆಹಗಳಲ್ಲಿ ಓದುತ್ತೇವೆ. ಆಜ್ಟೆಕರ ನಾವಾತ್ಲ್ ಭಾಷೆಗೆ 1571ರಲ್ಲೇ ಮೊಲೀನಾ ಎಂಬ ಪಾದ್ರಿ ದೊಡ್ಡ ನಿಘಂಟು ಅಚ್ಚುಹಾಕಿಸಿದ. ಅದರಲ್ಲಿ ಈ ಪದವಿಲ್ಲ. ಕೋಕೋ ಪಾನೀಯಕ್ಕೆ ಅಲ್ಲಿರುವುದು 'ಕಕವಾತ್ಲ್'. ಚಾಕೊಲೇಟು ಎಂಬ ರೂಪ ಹೇಗೆ ಬಂತೆಂಬುದರ ಬಗೆಗೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಿದ್ದಾರೆ. ಜಾಹೀರಾತಿನವರಿಗೆ ಮಾತ್ರ ಜಗಳವಿಲ್ಲ.

ಆಜ್ಟೆಕರ ರಾಜಧಾನಿಯಿದ್ದ ಎತ್ತರದ ಬಯಲಿನಲ್ಲಿ ಕೋಕೋ ಬೆಳೆಯುವುದೂ ಇಲ್ಲ. ಅದು ತಗ್ಗುನಾಡಿನ ಸೊಕೊನುಸ್ಕೋದಂಥ ಕಡೆಗಳಿಂದ ಕಪ್ಪವಾಗಿ, ವ್ಯಾಪಾರದ ಸರಕಾಗಿ ಬರುತ್ತಿತ್ತು. ಕೋಕೋ ಬೆಳೆದವರು, ಅವರಿಗಿಂತ ಬಹಳ ಹಿಂದೆಯೇ ಅದನ್ನು ಕುಡಿದ ಮಾಯಾ ಜನ, ಇವರೆಲ್ಲ ಕಥೆಯಿಂದ ಬಿಟ್ಟುಹೋಗಿದ್ದಾರೆ. 1521ರಲ್ಲಿ ಆ ರಾಜಧಾನಿಯನ್ನು ನೆಲಸಮ ಮಾಡಿದವರು 'ಪಾಕವನ್ನು ತಂದು ಕಾಪಾಡಿದವರು' ಆಗಿಬಿಟ್ಟಿದ್ದಾರೆ. ಊರು ಸುಟ್ಟವನಿಗೆ ಉಗ್ರಾಣದ ಕಾವಲುಗಾರನೆಂಬ ಬಿರುದು! ನನ್ನನ್ನು ಎಲ್ಲಕ್ಕಿಂತ ಕೆರಳಿಸುವುದು ಇದು.

ಹಾಗಾದರೆ ಮೋದಿಕಾದ ನಿಜವಾದ ಇತಿಹಾಸವೇನು? ಆ ಸೀಮೆ ಸ್ಪೇನಿನ ಆಳ್ವಿಕೆಯಲ್ಲಿತ್ತೆಂಬುದು ದಿಟ. ಸಿಸಿಲಿ ಸ್ಪೇನಿನ ಕೈತಪ್ಪಿದ್ದು 1713ರಲ್ಲಿ. ಮಾಂಸವನ್ನೂ ಚಾಕೊಲೇಟನ್ನೂ ತುಂಬಿದ ಒಂದು ಕಡುಬು ಮೋದಿಕಾದಲ್ಲಿದೆ, ನಮ್ಮ ಕರ್ಜಿಕಾಯಿಯ ಆಕಾರದ್ದು. ಅದರ ಹೆಸರು ಸ್ಪ್ಯಾನಿಷಿನ 'ಎಂಪನಾದ'ದಿಂದಲೇ ಬಂದದ್ದು. ಇಂಥ ಸಾಕ್ಷ್ಯವನ್ನು ನಾನು ತಲೆಬಾಗಿ ಒಪ್ಪುತ್ತೇನೆ. 1693ರ ಭೂಕಂಪದಲ್ಲಿ ಊರು ಕುಸಿದು ಮತ್ತೆ ಎದ್ದಿತು. ಅಲ್ಲಿನ ಗ್ರಿಮಾಲ್ದಿ ಮನೆತನದ ಕಾಗದಪತ್ರಗಳಲ್ಲಿ 1746ರ ಹೊತ್ತಿಗೆ ಚಾಕೊಲೇಟು ಮಾಡುವವನ ಕಸುಬು ಕಾಣಸಿಗುತ್ತದೆ. ಆಜ್ಟೆಕರ ಪತನಕ್ಕೂ ಈ ಕಾಗದಕ್ಕೂ ನಡುವೆ ಇನ್ನೂರಿಪ್ಪತ್ತೈದು ವರ್ಷಗಳ ಅಂತರವಿದೆ. ಅಷ್ಟರಲ್ಲಿ ಸಕ್ಕರೆ, ದಾಲ್ಚಿನ್ನಿಗಳು ಸೇರಿ ಕೋಕೋ ಯೂರೋಪಿನ ಪಾನೀಯವೇ ಆಗಿಹೋಗಿತ್ತು.

ಕಲ್ಲಿನ ಮೇಲೆ ಅರೆದು ಹರಳು ಹರಳಾಗಿ ಮಾಡುವ ಕ್ರಮ ಆ ಕಾಲಕ್ಕೆ ಮೋದಿಕಾದ ಗುಟ್ಟೇನೂ ಆಗಿರಲಿಲ್ಲ. ಸ್ಪೇನಿನಲ್ಲಿ 'ಕಲ್ಲಿನ ಚಾಕೊಲೇಟು' ಎಂಬ ಹೆಸರು ಇಂದಿಗೂ ಉಳಿದಿದೆ. ಯಂತ್ರ ಬರುವ ತನಕ ಎಲ್ಲರ ಚಾಕೊಲೇಟೂ ಒರಟೇ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಹೆಸರಿನಲ್ಲಿ ಕೋಕೋದ ಕೊಬ್ಬು ಹಿಂಡುವ ಯಂತ್ರ ಬಂತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿಯವರು ತಿನ್ನುವ ಅಚ್ಚುಗಳನ್ನು ಮಾರಿದರು. 1879ರಲ್ಲಿ ಸ್ವಿಟ್ಜರ್ಲೆಂಡಿನ ಲಿಂಟ್ ಅದನ್ನು ಗಂಟೆಗಟ್ಟಲೆ ತಿಕ್ಕಿ ರೇಷ್ಮೆಯಂತೆ ನಯಮಾಡುವ ಯಂತ್ರ ಕಟ್ಟಿದ. ಜಗತ್ತೆಲ್ಲ ನಯದ ಕಡೆಗೆ ಓಡಿತು. ಅದರ ಮರುವರ್ಷ, 1880ರಲ್ಲಿ, ಮೋದಿಕಾದಲ್ಲಿ ಬೋನಾಯುತೊ ಮನೆಯವರು ಮಿಠಾಯಿ ಅಂಗಡಿ ತೆರೆದರು. ಅವರೂ ಅವರಂಥ ಇತರರೂ ಒರಟು ಚಾಕೊಲೇಟನ್ನೇ ಮಾಡುತ್ತ ಉಳಿದರು. ಯಂತ್ರವಿಲ್ಲದ ಬಡತನವೋ ಹಟವೋ ರುಚಿಯ ಅಭಿಮಾನವೋ, ಎಲ್ಲವೂ ಸೇರಿರಬೇಕು. ಎಲ್ಲರೂ ಒಂದು ಕಾಲಕ್ಕೆ ಮಾಡುತ್ತಿದ್ದು ಎಲ್ಲರೂ ಕೈಬಿಟ್ಟದ್ದನ್ನು ಈ ಊರು ಬಿಡಲಿಲ್ಲ. ಇದಕ್ಕಿಂತ ದೊಡ್ಡ ಹಿರಿಮೆ ಬೇಕೆ? ಐರೋಪ್ಯ ಒಕ್ಕೂಟ 2018ರಲ್ಲಿ ಇದಕ್ಕೆ ಭೌಗೋಳಿಕ ಮುದ್ರೆ ಕೊಟ್ಟಿತು; ಚಾಕೊಲೇಟಿಗೆ ಅಂಥ ಮನ್ನಣೆ ಅದೇ ಮೊದಲು. ಮುದ್ರೆ ಸಿಕ್ಕಿದ್ದು ಮೋದಿಕಾದ ಹೆಸರಿಗೆ. ಅಷ್ಟಾದರೂ ಕಾಗದದ ಮೇಲೆ ಮೊಂಟೆಜುಮಾ ದೊರೆ ಬೇಕಂತೆ.

ನಮ್ಮಲ್ಲಿ ಪ್ರತಿಯೊಂದು ಬೆಟ್ಟಕ್ಕೂ ಪಾಂಡವರು ಬಂದಿದ್ದಾರೆ, ಪ್ರತಿಯೊಂದು ಹೊಂಡದಲ್ಲೂ ಸೀತೆ ಮಿಂದಿದ್ದಾಳೆ. ಇದೂ ಅಂಥದೇ ಒಂದು ಸ್ಥಳಪುರಾಣ, ಬಿಟ್ಟುಬಿಡಿ ಎನ್ನುವ ಸ್ನೇಹಿತರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಥಳಪುರಾಣವನ್ನು ಭಕ್ತರು ಭಕ್ತಿಯಿಂದ ಕಟ್ಟಿದರು. ಇದನ್ನು ಬೆಲೆಯ ಚೀಟಿಯ ಪಕ್ಕದಲ್ಲಿ ಕಟ್ಟಿದ್ದಾರೆ. ಧಾರವಾಡದ ಪೇಡೆಯನ್ನು ನೋಡಿ. ಉತ್ತರದೇಶದ ಉನ್ನಾವಿನಿಂದ ಬಂದ ಮನೆತನವೊಂದು ಅದನ್ನು ಮಾಡತೊಡಗಿತೆಂದು ಧಾರವಾಡದವರು ಸಂಕೋಚವಿಲ್ಲದೆ ಹೇಳುತ್ತಾರೆ. ಅದರಿಂದ ಪೇಡೆಯ ಸಿಹಿಯೇನೂ ಕಡಿಮೆಯಾಗಿಲ್ಲ. ಅದನ್ನು ಚಾಲುಕ್ಯರ ನೈವೇದ್ಯವೆಂದು ಯಾರೂ ಇನ್ನೂ ಬರೆದಿಲ್ಲ; ಈ ಲೇಖನ ಓದಿ ಯಾರಿಗೂ ಆ ಬುದ್ಧಿ ಬಾರದಿರಲಿ.

ಇಷ್ಟೆಲ್ಲ ಹೇಳಲು ನಮ್ಮದೇ ಕಾರಣವೂ ಒಂದಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. ಕೊಳ್ಳುವವರಿಲ್ಲದೆ ಬೆಲೆ ಬಿದ್ದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಕಟ್ಟಿತು. ಆ ದಿನಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ: ಒಡೆದ ಕಾಯಿಯ ಲೋಳೆಯಲ್ಲಿ ಕೈ ಅದ್ದಿದವರು, ಬೀಜವನ್ನು ಅಂಗಳದಲ್ಲಿ ಹರಡಿ ಮಳೆ ಬಂದಾಗ ಓಡಿದವರು, ಬೇಸರದಿಂದ ಗಿಡ ಕಡಿದವರು. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸಕ್ಕೆ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳೇ ಏಕೆ ಹೊರಡಬಾರದು? ತಡಮಾಡಿದರೆ ಯಾವನೋ ಜಾಹೀರಾತಿನ ಕವಿ ಮೊಂಟೆಜುಮಾನನ್ನು ಕುಮಾರಧಾರಾ ದಾಟಿಸಿ ಪುತ್ತೂರಿಗೂ ಕರೆತರುತ್ತಾನೆ.