ಹೊರನಾಡಿನ ಕಾವಲು, ಒಳನಾಡಿನ ಪಂಕ್ತಿಭೇದ

ರಾಷ್ಟ್ರದ ಆಜ್ಞೆಯಂತೆ ಕಡಲಾಚೆಗೆ ಹೋಗಿ ದುಡಿಯುವವನ ಮುಪ್ಪಿಗೆ ಹೊಣೆ ಯಾರು? ಆ ಹೊಣೆಯ ವೆಚ್ಚವನ್ನು ತೆರತಕ್ಕವರು ಯಾರು? ಇದು ಲೆಕ್ಕಪತ್ರದ ಶುಷ್ಕ ವಿಷಯವೆಂದು ಅನೇಕರು ಕಡೆಗಣಿಸುವರು. ರೋಣ ತಾಲೂಕಿನ ಮೆಣಸಗಿಯಂತಹ ಊರಿನಿಂದ ನೋಡಿದರೆ ಮಾತ್ರ ಅದರ ಭಾರವು ತಿಳಿಯುತ್ತದೆ. ಮಳೆ ತಪ್ಪಿದರೆ ಬರ, ಮಲಪ್ರಭೆ ಉಕ್ಕಿದರೆ ನೆರೆ. 2009 ಮತ್ತು 2019ರ ಪ್ರವಾಹಗಳನ್ನು ಆ ಸೀಮೆಯ ಜನರು ಮರೆತಿಲ್ಲ. ಅಂಥ ಒಕ್ಕಲುಮನೆಯ ಮಗನೊಬ್ಬನು ಸರಕಾರದ ಸಮವಸ್ತ್ರ ತೊಟ್ಟನೆಂದರೆ, ಅವನ ಸಂಬಳಕ್ಕಿಂತಲೂ ಮುಂದೆ ಬರುವ ಪೆನ್ಶನ್ನೇ ಆ ಮನೆಗೆ ಹೆಚ್ಚಿನ ಆಧಾರ.

ಪರದೇಶದಲ್ಲಿರುವ ಸರಕಾರಿ ಸೇವಕನು ಸಾಮಾಜಿಕ ಭದ್ರತೆಯ ವಂತಿಗೆಯನ್ನು ಅಲ್ಲಿ ಕೊಡಬೇಕೋ ಇಲ್ಲಿಯೋ ಎಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. 1961ರ ವಿಯೆನ್ನಾ ಒಡಂಬಡಿಕೆಯ 33ನೆಯ ವಿಧಿಯು ರಾಯಭಾರಿಗಳನ್ನು ಆತಿಥೇಯ ದೇಶದ ಇಂಥ ಕಟ್ಟಳೆಗಳಿಂದ ವಿನಾಯಿತಿಗೊಳಿಸಿದೆ. ಸಂಯುಕ್ತ ರಾಷ್ಟ್ರಸಂಸ್ಥೆಯ ಶಾಂತಿಪಾಲನೆಗೆ ಹೋಗುವ ತುಕಡಿಗಳ ಪೆನ್ಶನ್ನಿನ ಹೊಣೆಯೂ ಅವರನ್ನು ಕಳಿಸಿದ ಸರಕಾರದ್ದೇ. ಆದುದರಿಂದ ನ್ಯಾಯ ಅನ್ಯಾಯಗಳೆರಡೂ ಸ್ವದೇಶದ ನಿಯಮದಲ್ಲಿಯೇ ನಿಂತಿವೆ.

ಆ ನಿಯಮವಾದರೋ ಎರಡು ಪಂಕ್ತಿಗಳನ್ನು ಹಾಕಿದೆ. 2004ರ ಜನವರಿ 1ರಿಂದ ಕೇಂದ್ರ ಸರಕಾರದ ನೌಕರಿಗೆ ಸೇರಿದವರು ಹೊಸ ಪೆನ್ಶನ್ ಪದ್ಧತಿಗೆ ಒಳಪಟ್ಟರು; ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟನ್ನು ತಾವು ತೆರಬೇಕು. ಸರಕಾರದ ಪಾಲು 2019ರಿಂದ ನೂರಕ್ಕೆ 14. ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಮಾತ್ರ ಇದರಿಂದ ಹೊರಗಿಡಲಾಯಿತು. 2022ರಿಂದ ಬಂದ ಅಗ್ನಿವೀರರ ನಾಲ್ಕು ವರ್ಷಗಳ ಕಟ್ಟಳೆ ಬೇರೆ. ಉಳಿದ ಸಿಪಾಯಿಯು ವಂತಿಗೆಯಿಲ್ಲದೆ, 15 ವರ್ಷಗಳ ಸೇವೆಯಿಂದ ನಿಶ್ಚಿತ ಪೆನ್ಶನ್ನಿಗೆ ಅರ್ಹನಾಗುತ್ತಾನೆ. ಗಡಿ ಭದ್ರತಾ ಪಡೆಯ ಜವಾನನಿಗೆ ಈ ಭಾಗ್ಯವಿಲ್ಲ. ಅರೆಸೇನಾಪಡೆಗಳೂ ಸಶಸ್ತ್ರ ಪಡೆಗಳೇ ಎಂದು ದಿಲ್ಲಿಯ ಹೈಕೋರ್ಟು 2023ರ ಜನವರಿಯಲ್ಲಿ ತೀರ್ಪಿತ್ತಿತಾದರೂ, ಸುಪ್ರೀಂ ಕೋರ್ಟು ತರುವಾಯ ಅದಕ್ಕೆ ತಡೆಯೊಡ್ಡಿತು.

ಅಪಾಯವು ಈ ಭೇದವನ್ನು ಅರಿಯದು. ಕಾಂಗೋ ದೇಶದಲ್ಲಿ ನಮ್ಮ ಭೂಸೇನೆಯವರೂ ಗಡಿ ಭದ್ರತಾ ಪಡೆಯವರೂ ಒಂದೇ ನೀಲಿ ಶಿರಸ್ತ್ರಾಣ ಧರಿಸಿ ಸೇವೆಗೈದಿದ್ದಾರೆ. 2022ರ ಜುಲೈ 26ರಂದು ಬುಟೆಂಬೊದಲ್ಲಿ ಉದ್ರಿಕ್ತ ಗುಂಪಿನ ದಾಳಿಗೆ ಬಲಿಯಾದವರು ಗಡಿ ಭದ್ರತಾ ಪಡೆಯ ಇಬ್ಬರು ಹೆಡ್ ಕಾನ್‌ಸ್ಟೇಬಲ್‌ಗಳು. 2008ರ ಜುಲೈ 7ರಂದು ಕಾಬೂಲಿನ ನಮ್ಮ ದೂತಾವಾಸದ ಬಾಗಿಲಲ್ಲಿ ಬಾಂಬು ಸಿಡಿದಾಗ ಸೇನೆಯ ಬ್ರಿಗೇಡಿಯರರು, ವಿದೇಶಾಂಗ ಸೇವೆಯ ಅಧಿಕಾರಿ, ಇಂಡೋ-ಟಿಬೆಟನ್ ಗಡಿ ಪೊಲೀಸ್ ದಳದ ಇಬ್ಬರು ಕಾವಲಿನವರು ಒಟ್ಟಿಗೇ ಅಸುನೀಗಿದರು.

ಮಡಿದವನ ಮನೆಗೆ ನಿಯಮವು ಕರುಣೆ ತೋರಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಸೇವೆಯಲ್ಲಿರುವಾಗ ತೀರಿಕೊಂಡವನ ಕುಟುಂಬಕ್ಕೆ ಹಳೆಯ ಪದ್ಧತಿಯ ಕುಟುಂಬ ಪೆನ್ಶನ್ ದೊರೆಯಲು 2021ರ ನಿಯಮಗಳು ಅವಕಾಶವಿತ್ತಿವೆ. ಭೇದವು ತಲೆಯೆತ್ತುವುದು ಬದುಕಿ ಬಂದವನ ವಿಷಯದಲ್ಲಿ. ಸತ್ತರೆ ಸಮಾನ, ಬದುಕಿದರೆ ಅಸಮಾನ ಎಂಬ ಈ ನೀತಿಯನ್ನು ಯಾವ ನ್ಯಾಯದ ತಕ್ಕಡಿಯಲ್ಲಿ ತೂಗಬೇಕೋ ನಮಗೆ ತಿಳಿಯದು.

2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಪೆನ್ಶನ್ ಯೋಜನೆಯು ಗಾಯಕ್ಕೆ ಮುಲಾಮು ಹಚ್ಚಿದೆ. ಅದನ್ನು ಆರಿಸಿಕೊಂಡು 25 ವರ್ಷ ದುಡಿದವನಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧವು ನಿಶ್ಚಿತ. ಆದರೆ ನೂರಕ್ಕೆ 10ರ ವಂತಿಗೆ ಅಲ್ಲಿಯೂ ತಪ್ಪಿಲ್ಲ.

ಬೊಕ್ಕಸಕ್ಕೆ ಮಿತಿಯುಂಟು, ಪೆನ್ಶನ್ನಿನ ಹೊರೆ ಏರುತ್ತಿದೆ, ವಿದೇಶದಲ್ಲಿರುವವರಿಗೆ ಪ್ರತ್ಯೇಕ ಭತ್ಯೆಯೂ ಸಲ್ಲುತ್ತದೆ ಎಂದು ಅರ್ಥಖಾತೆಯವರು ಉತ್ತರಿಸಬಹುದು. ಆ ಮಾತು ಸುಳ್ಳಲ್ಲ. 2006ರ ಏಪ್ರಿಲ್ ನಂತರ ಸೇರಿದ ಕರ್ನಾಟಕದ ನೌಕರರನ್ನೂ ಇಂಥದೇ ಪದ್ಧತಿಗೆ ಒಳಪಡಿಸಲಾಯಿತೆಂಬುದನ್ನು ನಮ್ಮ ವಾಚಕರು ಬಲ್ಲರು. ಭತ್ಯೆಯಾದರೋ ಅಲ್ಲಿಯ ಜೀವನವೆಚ್ಚಕ್ಕೆ ಸಲ್ಲುವಂಥದು, ಮುಪ್ಪಿನ ಬುತ್ತಿಯಲ್ಲ. ಎಲ್ಲರ ವಂತಿಗೆಯನ್ನೂ ಮನ್ನಾ ಮಾಡಿರೆಂದು ನಾವು ಕೇಳುತ್ತಿಲ್ಲ. ಸಮವಸ್ತ್ರದವನು ಅಪಾಯದ ಪರದೇಶದಲ್ಲಿ ಕಳೆದ ತಿಂಗಳುಗಳ ಮಟ್ಟಿಗೆ ಅವನ ಪಾಲಿನ ನೂರಕ್ಕೆ 10ನ್ನು ಸರಕಾರವೇ ತೆರಲಿ. ಶಾಂತಿಪಾಲನೆಯ ತುಕಡಿಗಳಿಗಾಗಿ ಸಂಯುಕ್ತ ರಾಷ್ಟ್ರಸಂಸ್ಥೆಯು ಸರಕಾರಗಳಿಗೆ ತಲೆಗಿಷ್ಟೆಂದು ಹಣ ಮರಳಿಸುತ್ತದೆ. 2018ರ ಜುಲೈಯಲ್ಲಿ ಆ ದರವು ತಿಂಗಳಿಗೆ 1,428 ಡಾಲರು. ಅವನ ಹೆಸರಿನಲ್ಲಿ ಬಂದ ಹಣದ ಒಂದಂಶವು ಅವನ ಮುಪ್ಪಿಗೆ ಸಂದರೆ ಬೊಕ್ಕಸವು ಬರಿದಾಗದು.

ಹೊರನಾಡಿನಲ್ಲಿ ಧ್ವಜ ಹಿಡಿದವರನ್ನೆಲ್ಲ ಜಗತ್ತು ಭಾರತದ ಯೋಧರೆಂದೇ ಕರೆಯುತ್ತದೆ. ಊರಿಗೆ ಮರಳಿದ ಮೇಲೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವುದು ರಾಷ್ಟ್ರದ ಮಾನಕ್ಕೆ ಒಪ್ಪುವ ಕಾರ್ಯವಲ್ಲ. ನಮ್ಮ ಲೋಕಸಭಾ ಸದಸ್ಯರು ಪಕ್ಷಭೇದವನ್ನು ಮರೆತು ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಲಿ.